ಟೋಕನ್ ಕೊಡುವ ಮುಂಚೆ: ಮೊದಲ ಸಲ ಸೈಟು, ಫ್ಲಾಟು ಕೊಳ್ಳುವವರಿಗೆ ದುಡ್ಡಿನ ಲೆಕ್ಕ, ಕಾಗದದ ಲೆಕ್ಕ

ಒಂದು ಭಾನುವಾರ ಸಂಜೆ ನಾನು 50,000 ರೂಪಾಯಿ ಟೋಕನ್ ಕೊಟ್ಟು ಬಂದೆ. ಸೈಟು ಚೆನ್ನಾಗಿತ್ತು. ಪೂರ್ವಕ್ಕೆ ಮುಖ, ಮುಂದೆ 30 ಅಡಿ ರಸ್ತೆ, ಮೂಲೆಯಲ್ಲೊಂದು ತೆಂಗಿನ ಮರ. "ನಾಳೆ ಬೆಳಗ್ಗೆ ಇನ್ನೊಂದು ಪಾರ್ಟಿ ಬರ್ತಾ ಇದೆ ಸಾರ್, ಆಮೇಲೆ ನನ್ನ ಕೇಳಬೇಡಿ" ಅಂದರು ಬ್ರೋಕರ್. ಅಷ್ಟು ಸಾಕಾಯಿತು. ವಾರದ ನಂತರ ವಕೀಲರ ಮುಂದೆ ಕಾಗದ ಇಟ್ಟಾಗ ಅವರು ಮೊದಲು ಕೇಳಿದ್ದು ಮಾರುವವರ ವಂಶವೃಕ್ಷ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು. ಆಸ್ತಿ ಪಾಲು ಮಾಡಿಕೊಂಡ ವಿಭಾಗ ಪತ್ರದಲ್ಲಿ ಅವರ ಸಹಿ ಇರಲಿಲ್ಲ. ಟೋಕನ್ ವಾಪಸ್ ಪಡೆಯಲು ನಾಲ್ಕು ತಿಂಗಳು ಅಲೆದೆ. ಕೈಗೆ ಬಂದದ್ದು 30,000.

ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತಾರೆ. ಮೊದಲು ಟೋಕನ್, ಆಮೇಲೆ ಬ್ಯಾಂಕು, ಕೊನೆಗೆ ವಕೀಲರು. ಇದನ್ನು ಪೂರ್ತಿ ತಿರುಗಿಸಬೇಕು. ಮನೆಯಲ್ಲಿ ಕೂತು ದುಡ್ಡಿನ ಲೆಕ್ಕ ಮೊದಲು, ಕಾಗದ ಆಮೇಲೆ, ಟೋಕನ್ ಅದಾದ ಮೇಲೆ. ಕರ್ನಾಟಕದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಒಂದೊಂದಾಗಿ ನೋಡೋಣ.

ಹೆಜ್ಜೆ 1: ಕೈಯಲ್ಲಿ ಎಷ್ಟು ಇರಬೇಕು?

ಬೆಂಗಳೂರಿನಲ್ಲಿ 60 ಲಕ್ಷದ ಒಂದು ಹಳೆಯ ಫ್ಲಾಟು ಅಂತ ಇಟ್ಟುಕೊಳ್ಳೋಣ. ಬಾಡಿಗೆಗೆ ಕೊಡುವ ಯೋಚನೆ.

ಬ್ಯಾಂಕು ಪೂರ್ತಿ ದುಡ್ಡು ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಗೃಹಸಾಲ 30 ಲಕ್ಷದ ಒಳಗಿದ್ದರೆ ಆಸ್ತಿಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲಕ್ಕೆ ಶೇ 80ರವರೆಗೆ, ಅದಕ್ಕೂ ಮೇಲಾದರೆ ಶೇ 75ರವರೆಗೆ. ಇದು ಮೇಲಿನ ಮಿತಿ. ಬ್ಯಾಂಕು ಇಷ್ಟು ಕೊಟ್ಟೇ ಕೊಡುತ್ತದೆ ಅಂತಲ್ಲ. ನಮ್ಮ ಫ್ಲಾಟಿಗೆ ಹೆಚ್ಚೆಂದರೆ 48 ಲಕ್ಷ ಸಾಲ, 12 ಲಕ್ಷ ನಮ್ಮ ಕೈಯಿಂದ.

ಹೊಸಬರು ಎಡವುವುದು ಇಲ್ಲಿ. 12 ಲಕ್ಷ ಇದ್ದರೆ ಸಾಕು ಅಂದುಕೊಳ್ಳುತ್ತಾರೆ. ನೋಂದಣಿ ಖರ್ಚು ಬೇರೆಯೇ ಇದೆ, ಅದನ್ನು ಬ್ಯಾಂಕು ಆಸ್ತಿಯ ಬೆಲೆಯಲ್ಲಿ ಸೇರಿಸುವುದಿಲ್ಲ. ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ನಗರಗಳಲ್ಲಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2. ಒಟ್ಟು ಶೇ 7.6. ಅಂದರೆ 60 ಲಕ್ಷಕ್ಕೆ 4.56 ಲಕ್ಷ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ, ಅಡಮಾನದ ಕಾಗದ, ಬ್ರೋಕರ್ ಕಮಿಷನ್, ಒಂದಿಷ್ಟು ಬಣ್ಣ, ನಲ್ಲಿ ರಿಪೇರಿ. ಎಲ್ಲ ಸೇರಿ 18 ಲಕ್ಷ ಕೈಯಲ್ಲಿಲ್ಲದೆ 60 ಲಕ್ಷದ ಫ್ಲಾಟು ನೋಡಲು ಹೋಗಬೇಡಿ. ಆ ಆರು ಲಕ್ಷಕ್ಕೆ ಅಂತ ಪರ್ಸನಲ್ ಲೋನ್ ತೆಗೆದವರನ್ನು ನಾನು ನೋಡಿದ್ದೇನೆ. ಎರಡು ಕಂತು ಒಟ್ಟಿಗೆ ಶುರುವಾದಾಗ ಮನೆಯ ನೆಮ್ಮದಿಯೇ ಹೋಗುತ್ತದೆ.

ಹೊಸ ಕಟ್ಟಡದಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕೊಂಡರೆ ಜಿಎಸ್‌ಟಿ ಕೂಡ ಇದೆ. ಸಾಮಾನ್ಯ ಫ್ಲಾಟಿಗೆ ಶೇ 5. ಕಟ್ಟಡ ಮುಗಿದು ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಅದು ಇಲ್ಲ.

ಹೆಜ್ಜೆ 2: ಬಾಡಿಗೆ ಕಂತು ಕಟ್ಟುತ್ತದೆ ಅನ್ನುವ ಮಾತನ್ನು ಪರೀಕ್ಷೆ ಮಾಡಿ

"ಬಾಡಿಗೆ ಬರುತ್ತಲ್ಲ, ಇಎಂಐ ತಾನಾಗೇ ಹೋಗುತ್ತೆ" ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಕ್ಯಾಲ್ಕುಲೇಟರ್ ತೆಗೆಯಿರಿ.

48 ಲಕ್ಷ ಸಾಲ, ಲೆಕ್ಕಕ್ಕೆ ಶೇ 8.5 ಬಡ್ಡಿ, 20 ವರ್ಷ. ತಿಂಗಳಿಗೆ ಕಂತು ಸುಮಾರು 41,655 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 34,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 7,655 ಮಾತ್ರ. 20 ವರ್ಷ ಮುಗಿಯುವಾಗ ನೀವು ಕಟ್ಟಿರುವುದು ಹೆಚ್ಚುಕಡಿಮೆ ಒಂದು ಕೋಟಿ.

ಈಗ ಬಾಡಿಗೆ. ತಿಂಗಳಿಗೆ 20,000 ಬರುತ್ತದೆ ಅನ್ನೋಣ. ವರ್ಷಕ್ಕೊಂದು ತಿಂಗಳು ಖಾಲಿ ಬಿಡಿ, ಯಾಕೆಂದರೆ ಬಾಡಿಗೆಯವರು ಬಿಟ್ಟು ಹೊಸಬರು ಬರುವಾಗ ಅಷ್ಟು ಆಗಿಯೇ ಆಗುತ್ತದೆ. 2.2 ಲಕ್ಷ ಉಳಿಯಿತು. ಆಸ್ತಿ ತೆರಿಗೆ, ರಿಪೇರಿ, ಅಸೋಸಿಯೇಷನ್ ಕೇಳುವ ಬಾಬತ್ತು ಅಂತ 30,000 ತೆಗೆಯಿರಿ. ಕೈಗೆ 1.9 ಲಕ್ಷ. ವರ್ಷದ ಕಂತು 5 ಲಕ್ಷ. ವ್ಯತ್ಯಾಸ 3.1 ಲಕ್ಷ, ಅಂದರೆ ತಿಂಗಳಿಗೆ ಸುಮಾರು 26,000 ನಿಮ್ಮ ಸಂಬಳದಿಂದ ಹೋಗಬೇಕು.

ಹಾಗಾದರೆ ಕೊಳ್ಳಲೇಬಾರದಾ? ಹಾಗಲ್ಲ. ಆ 26,000ವನ್ನು ತಿಂಗಳ ಉಳಿತಾಯ ಅಂತ ಕಟ್ಟುವ ಶಕ್ತಿ ಇದ್ದರೆ, ಜಾಗದ ಬೆಲೆ ಏರುತ್ತದೆ ಅನ್ನುವುದಕ್ಕೆ ನಿಮ್ಮದೇ ಕಾರಣಗಳಿದ್ದರೆ ಕೊಳ್ಳಿ. ಬಾಡಿಗೆಯೇ ಎಲ್ಲ ನೋಡಿಕೊಳ್ಳುತ್ತದೆ ಅನ್ನುವ ನಂಬಿಕೆಯ ಮೇಲೆ ಮಾತ್ರ ಬೇಡ. ಬಾಡಿಗೆ ಆದಾಯಕ್ಕೇ ಕೊಳ್ಳುವುದಾದರೆ ದೊಡ್ಡ ಸಾಲ ಮಾಡಬೇಡಿ.

ಆರು ತಿಂಗಳ ಕಂತಿನಷ್ಟು ದುಡ್ಡು ಬೇರೆ ಖಾತೆಯಲ್ಲಿ ಇಡಿ. ಅದನ್ನು ಮುಟ್ಟಬೇಡಿ.

ಹೆಜ್ಜೆ 3: ಬ್ಯಾಂಕಿಗೆ ಮೊದಲು ಹೋಗಿ, ಆಸ್ತಿ ಆಮೇಲೆ ಹುಡುಕಿ

ಸಿಬಿಲ್ ಸ್ಕೋರು, ಅಂದರೆ ನೀವು ಸಾಲ ತೀರಿಸಿದ ರೀತಿಗೆ ಸಿಗುವ ಅಂಕ, 750ರ ಮೇಲಿದ್ದರೆ ಮಾತು ಸಲೀಸು. ಹಳೆಯ ಕ್ರೆಡಿಟ್ ಕಾರ್ಡಿನ ಮರೆತ ಬಾಕಿ, ಯಾರಿಗೋ ಜಾಮೀನು ನಿಂತ ಸಾಲ ಎಲ್ಲ ಅದರಲ್ಲಿ ಕಾಣುತ್ತದೆ. ಇರುವ ಕಂತುಗಳೆಲ್ಲ ಸೇರಿ ಕೈಗೆ ಬರುವ ಸಂಬಳದ ಅರ್ಧ ದಾಟಿದರೆ ಸಾಮಾನ್ಯವಾಗಿ ಬ್ಯಾಂಕುಗಳು ಹಿಂದೆ ಸರಿಯುತ್ತವೆ. ಗಂಡ ಹೆಂಡತಿ ಇಬ್ಬರಿಗೂ ಸಂಬಳ ಇದ್ದರೆ ಜಂಟಿಯಾಗಿ ಅರ್ಜಿ ಹಾಕಿ.

ಎರಡು ಮೂರು ಕಡೆ ಕೇಳಿ. ಬಡ್ಡಿ ಒಂದೇ ಅಲ್ಲ, ಅದು ಯಾವುದಕ್ಕೆ ಜೋಡಿಸಿದೆ ಅಂತಲೂ ಕೇಳಿ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಬದಲಾಗುತ್ತಾ ಹೋಗುವ) ಗೃಹಸಾಲ ರೆಪೋ ದರದಂಥ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಣೆಯಾಗಿರಬೇಕು. ರೆಪೋ ಇಳಿದರೆ ನಿಮ್ಮ ಬಡ್ಡಿಯೂ ಇಳಿಯುತ್ತದೆ, ಏರಿದರೆ ಏರುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ಕಟ್ಟುಪಾಡಿಲ್ಲ. ಏರಿದಾಗ ಬ್ಯಾಂಕು ಸುಮ್ನೆ ವರ್ಷಗಳನ್ನು ಉದ್ದ ಮಾಡಿಬಿಡುತ್ತದೆ, ಕಂತು ಅಷ್ಟೇ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಕಂತು ಜಾಸ್ತಿ ಮಾಡಿ, ವರ್ಷ ಉದ್ದ ಮಾಡಬೇಡಿ ಅಂತ ಕೇಳುವ ಹಕ್ಕು ನಿಮಗಿದೆ.

ಫ್ಲೋಟಿಂಗ್ ದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಇಲ್ಲ. ಮೇಲಿನ ಲೆಕ್ಕದಲ್ಲಿ ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟಿದರೂ ಸಾಲ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ.

ಖಾಲಿ ಸೈಟಿಗೆ ಸಾಲ ಸಿಗುವುದು ಇನ್ನೂ ಕಷ್ಟ. ಬೆಲೆಯ ಕಡಿಮೆ ಪಾಲು ಕೊಡುತ್ತಾರೆ, ಮನೆ ಕಟ್ಟುವ ಷರತ್ತೂ ಇರಬಹುದು. ಬಿ ಖಾತಾ (ನಿಯಮಕ್ಕೆ ಪೂರ್ತಿ ಹೊಂದದ ಆಸ್ತಿಗೆ ನಗರದಲ್ಲಿ ಕೊಡುವ ತೆರಿಗೆ ದಾಖಲೆ) ಅಂದರೆ ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ ಬೇಡ ಅಂದುಬಿಡುತ್ತವೆ. ಇದನ್ನು ತೊಂದರೆ ಅಂದುಕೊಳ್ಳಬೇಡಿ. ಬ್ಯಾಂಕು ಹಿಂಜರಿಯುವ ಜಾಗದಲ್ಲಿ ನಿಮ್ಮ ದುಡ್ಡು ಯಾಕೆ ಹೋಗಬೇಕು?

ಹೆಜ್ಜೆ 4: ಜಾಗದ ಜಾತಕ

ಬೆಲೆ, ದಿಕ್ಕು, ನೀರು ನೋಡುವ ಮುಂಚೆ ಈ ಜಾಗ ಯಾವ ಬಗೆಯದು ಅಂತ ತಿಳಿದುಕೊಳ್ಳಿ. ನನ್ನ ಪ್ರಕಾರ ಇಡೀ ವ್ಯವಹಾರದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೇ.

ಹಳ್ಳಿಗಳ ಅಂಚಿನಲ್ಲಿ ಮಾರುವ ಬಹುಪಾಲು ಸೈಟುಗಳು ಒಂದು ಕಾಲಕ್ಕೆ ಹೊಲ. ಹೊಲ ಸೈಟಾಗಬೇಕಾದರೆ ಭೂ ಕಂದಾಯ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಯಿಂದ ಪರಿವರ್ತನೆ ಆಗಬೇಕು. ಜನ ಇದನ್ನು ಡಿಸಿ ಕನ್ವರ್ಷನ್ ಅನ್ನುತ್ತಾರೆ. ಅಷ್ಟೇ ಸಾಲದು, ಯೋಜನಾ ಪ್ರಾಧಿಕಾರದಿಂದ ಬಡಾವಣೆಯ ನಕ್ಷೆಗೆ ಒಪ್ಪಿಗೆ ಬೇಕು. "ಡಿಸಿ ಕನ್ವರ್ಟೆಡ್ ಲೇಔಟ್ ಸಾರ್" ಎಂದಷ್ಟೇ ಹೇಳಿದರೆ ಅರ್ಧ ಮಾತು. ನಕ್ಷೆ ಎಲ್ಲಿ, ಯಾವ ಪ್ರಾಧಿಕಾರ ಒಪ್ಪಿದೆ, ರಸ್ತೆ ಪಾರ್ಕು ಬಿಟ್ಟುಕೊಟ್ಟಿದ್ದಾರಾ ಅಂತ ಕೇಳಿ. ಎರಡೂ ಇಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ್ದೇ ರೆವಿನ್ಯೂ ಸೈಟು.

ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. 11ಬಿ ಅಂತ ಕಂಡರೆ ನಿಲ್ಲಿ, ಅದು ಸರಿಯಾದ ಒಪ್ಪಿಗೆ ಇಲ್ಲದ ಜಾಗಕ್ಕೆ ಕೊಡುವ ನಮೂನೆ. ನಗರದಲ್ಲಾದರೆ ಎ ಖಾತಾ, ಬಿ ಖಾತಾ. ಖಾತಾ ಅಂದರೆ ತೆರಿಗೆ ಕಟ್ಟುವವರ ದಾಖಲೆ, ಒಡೆತನದ ಪತ್ರ ಅಲ್ಲ ಅನ್ನುವುದು ನೆನಪಿರಲಿ. 2024ರ ಅಕ್ಟೋಬರ್‌ನಿಂದ ಇ-ಖಾತಾ, ಅಂದರೆ ಖಾತಾದ ಡಿಜಿಟಲ್ ರೂಪ, ಇಲ್ಲದೆ ನೋಂದಣಿ ಆಗುವುದಿಲ್ಲ. ಮಾರುವವರ ಹೆಸರಿನಲ್ಲಿ ಇ-ಖಾತಾ ಆಗಿದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿ. "ಅಪ್ಲೈ ಮಾಡಿದ್ದೀವಿ, ಬರುತ್ತೆ" ಅಂದರೆ ಬರುವ ತನಕ ಕಾಯಿರಿ.

"ಬಿ ಖಾತಾ ಎ ಆಗುತ್ತೆ ಬಿಡಿ" ಅನ್ನುವ ಮಾತಿಗೆ ಬೆಲೆ ಕಟ್ಟಬೇಡಿ. ನಿಯಮ ಮೀರಿದ್ದನ್ನು ದಂಡ ಕಟ್ಟಿಸಿಕೊಂಡು ಸರಿ ಮಾಡಿಕೊಡುವ ಸರ್ಕಾರದ ಅಕ್ರಮ ಸಕ್ರಮ ಯೋಜನೆ ಬರುತ್ತದೆ ಅಂತ ನಂಬಿ ಕೊಂಡವರು ಎಷ್ಟೋ ಜನ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇವತ್ತು ಕಾಗದ ಏನು ಹೇಳುತ್ತದೋ ಅದಕ್ಕೆ ಮಾತ್ರ ದುಡ್ಡು ಕೊಡಿ.

ದಿಶಾಂಕ್ ಆ್ಯಪ್ ಇಳಿಸಿಕೊಳ್ಳಿ. ಜಾಗದಲ್ಲಿ ನಿಂತು ನೋಡಿದರೆ ನಿಮ್ಮ ಕಾಲಡಿಯ ಸರ್ವೆ ನಂಬರ್ ತೋರಿಸುತ್ತದೆ. ಕ್ರಯಪತ್ರದಲ್ಲಿರುವ ನಂಬರ್ ಅದೇನಾ? ಪಕ್ಕದಲ್ಲಿ ಕೆರೆ, ರಾಜಕಾಲುವೆ, ಸರ್ಕಾರಿ ಜಾಗ ಇದೆಯಾ? ತೋರಿಸಿದ ಸೈಟೇ ಒಂದು, ಕಾಗದದ ಸೈಟೇ ಇನ್ನೊಂದು ಆಗಿರುವುದು ಅಪರೂಪವೇನಲ್ಲ.

ಇನ್ನೊಂದು ದೊಡ್ಡ ಗುಂಡಿ ಪಿಟಿಸಿಎಲ್ ಕಾಯ್ದೆ. 1978ರದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಮಾರಿದ್ದರೆ ಜಮೀನು ಮೂಲದವರಿಗೇ ವಾಪಸ್. 2023ರ ತಿದ್ದುಪಡಿಯ ನಂತರ ಇಂಥ ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಆದ್ದರಿಂದ ಸೈಟು ಎಷ್ಟೇ ಕೈ ಬದಲಾಗಿರಲಿ, ಮೂಲದಲ್ಲಿ ಅದು ಮಂಜೂರಾದ ಜಮೀನಾ ಅಂತ ತಾಲ್ಲೂಕು ಕಚೇರಿಯ ದಾಖಲೆ ತೆಗೆಸಿ ನೋಡಲೇಬೇಕು. ಆ ಜಮೀನು ಬಡವರ ಕೈ ಬಿಟ್ಟುಹೋಗಬಾರದು ಅಂತಲೇ ಆ ಕಾಯ್ದೆ ಬಂದದ್ದು. ಅದರ ಸುತ್ತ ದಾರಿ ಹುಡುಕುವ ಸಲಹೆ ಯಾರು ಕೊಟ್ಟರೂ ಎದ್ದು ಬನ್ನಿ.

ಕೃಷಿ ಜಮೀನೇ ಬೇಕಾ? 2020ರ ತಿದ್ದುಪಡಿಯಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಹಾಗಾಗಿ ರೈತ ಕುಟುಂಬದವರಲ್ಲದಿದ್ದರೂ ಈಗ ಕೊಳ್ಳಬಹುದು. ಪಹಣಿ, ಮ್ಯುಟೇಶನ್ (ಹೆಸರು ಬದಲಾದ ದಾಖಲೆ), ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ), ಪೋಡಿ (ಸರ್ವೆ ನಂಬರ್ ಭಾಗವಾದ ದಾಖಲೆ), 11ಇ ನಕ್ಷೆ (ಮಾರುವ ತುಂಡಿನ ಸರ್ವೆ ನಕ್ಷೆ) ನೋಡಿ. ಬಂಡಿದಾರಿ ಇದೆಯಾ ಅಂತ ಕಣ್ಣಾರೆ ನೋಡಿ. ವಿದೇಶದಲ್ಲಿ ನೆಲೆಸಿರುವ ಎನ್‌ಆರ್‌ಐ ಕನ್ನಡಿಗರು ಮನೆ, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಮಾತ್ರ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಕೊಳ್ಳುವಂತಿಲ್ಲ.

ಹೆಜ್ಜೆ 5: ಯಾರು ಮಾರುತ್ತಿದ್ದಾರೆ?

ಮೂಲ ಪತ್ರದಿಂದ ಇವತ್ತಿನವರೆಗೆ ಕೊಂಡಿ ತಪ್ಪದೆ ಬರಬೇಕು. ಕನಿಷ್ಠ 30 ವರ್ಷ. ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಇಸಿ, ಅಂದರೆ ಆಸ್ತಿಯ ಮೇಲೆ ನೋಂದಣಿ ಆದ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರ ಮನೆಯಿಂದಲೇ ತೆಗೆಯಬಹುದು. ಹಳೆಯ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾಗುತ್ತದೆ. ಮಾರುವವರು ಕೊಟ್ಟ ಜೆರಾಕ್ಸ್ ನಂಬದೆ ನೀವೇ ಹೊಸದಾಗಿ ತೆಗೆಯಿರಿ.

ಇಸಿ ಎಲ್ಲ ಹೇಳುವುದಿಲ್ಲ. ನೋಂದಣಿ ಆಗದ ಕರಾರು, ನೋಂದಣಿ ಆಗದ ಉಯಿಲು, ಬಾಯಿಮಾತಿನ ಪಾಲು ಅದರಲ್ಲಿ ಬರುವುದಿಲ್ಲ. ಕೋರ್ಟಿನಲ್ಲಿರುವ ದಾವೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. ಮಾರುವವರ ಹೆಸರು ಹಾಕಿ ಇ-ಕೋರ್ಟ್ಸ್ ತಾಣದಲ್ಲಿ ಹುಡುಕಿ. ತಹಶೀಲ್ದಾರ್, ಎಸಿ (ಉಪವಿಭಾಗಾಧಿಕಾರಿ), ಡಿಸಿ (ಜಿಲ್ಲಾಧಿಕಾರಿ) ಕೋರ್ಟುಗಳ ಪ್ರಕರಣಗಳನ್ನೂ ವಕೀಲರಿಗೆ ಹೇಳಿ ನೋಡಿಸಿ.

ನನ್ನ 20,000 ಹೋದದ್ದು ಹೆಣ್ಣುಮಕ್ಕಳ ಸಹಿ ವಿಷಯದಲ್ಲಿ, ಅದನ್ನು ಮತ್ತೆ ಹೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಜಾರಿಯಾದ ದಿನಕ್ಕೆ ತಂದೆ ಬದುಕಿರಲೇಬೇಕು ಅಂತಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. "ಅಕ್ಕಂದಿರು ಕೇಳಲ್ಲ ಬಿಡಿ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ" ಅಂದರೆ, ಹಾಗಾದರೆ ಸಹಿ ಹಾಕಲು ಏನು ತೊಂದರೆ ಅಂತ ನಯವಾಗಿ ಕೇಳಿ. ಅಪ್ರಾಪ್ತ ಮಕ್ಕಳ ಪಾಲು ಇದ್ದರೆ ವಕೀಲರು ಹೇಳದೆ ಒಂದು ಹೆಜ್ಜೆಯೂ ಮುಂದೆ ಇಡಬೇಡಿ.

ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಮಾರಾಟ ಅಂದರೆ ಒಡೆತನ ಬದಲಾಗುವುದಿಲ್ಲ. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಜಿಪಿಎ ಹಿಡಿದವರು ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದು ನಿಜ. ಆದರೆ ಮಾಲೀಕರು ಬದುಕಿದ್ದಾರಾ, ಜಿಪಿಎ ರದ್ದಾಗಿಲ್ಲ ತಾನೇ ಅಂತ ಮಾಲೀಕರಿಗೇ ಫೋನ್ ಮಾಡಿ ಕೇಳಿ.

ವಕೀಲರು ನಿಮ್ಮವರಾಗಿರಲಿ, ಬ್ರೋಕರ್ ತೋರಿಸಿದವರು ಬೇಡ. ಹಳೆಯ ಕೈಬರಹದ ಕನ್ನಡ ಪತ್ರ ಓದಲು ಬರುವವರಾಗಿರಲಿ. ಬ್ಯಾಂಕಿನವರು ನೋಡಿದ್ದಾರಲ್ಲ ಅಂತ ಸುಮ್ಮನಿರಬೇಡಿ, ಅವರು ನೋಡುವುದು ಅವರ ಸಾಲಕ್ಕೆ. ಕನ್ನಡ ಪತ್ರಿಕೆಯಲ್ಲಿ ಒಂದು ಸಾರ್ವಜನಿಕ ಪ್ರಕಟಣೆ ಕೊಡಿಸಿ. ತಕರಾರು ಇರುವವರು ಇದ್ದರೆ ಆಗಲೇ ಬಂದುಬಿಡಲಿ.

ಹೆಜ್ಜೆ 6: ಬಿಲ್ಡರ್ ಫ್ಲಾಟು ಆದರೆ

500 ಚದರ ಮೀಟರ್‌ಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟು ಇರುವ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. ಪ್ಲಾಟುಗಳ ಬಡಾವಣೆಗೂ ಇದು ಅನ್ವಯ. ಕರ್ನಾಟಕ ರೇರಾ ತಾಣದಲ್ಲಿ ನಂಬರ್ ಹಾಕಿದರೆ ನಕ್ಷೆ, ಮುಗಿಸುವ ದಿನಾಂಕ, ದೂರುಗಳು ಸಿಗುತ್ತವೆ. ಕರಾರು ಪತ್ರ ನೋಂದಣಿ ಆಗದೆ ಶೇ 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಬೆಲೆಯನ್ನು ಕಾರ್ಪೆಟ್ ಏರಿಯಾಗೆ (ಮನೆಯೊಳಗೆ ಬಳಸಲು ಸಿಗುವ ಜಾಗ) ಭಾಗಿಸಿ ನೋಡಿ, ಮೆಟ್ಟಿಲು, ಲಿಫ್ಟಿನಂಥ ಹಂಚಿಕೊಳ್ಳುವ ಜಾಗವೂ ಸೇರಿದ ಸೂಪರ್ ಬಿಲ್ಟ್‌ಅಪ್‌ಗೆ ಅಲ್ಲ. ಆಗ ಎರಡು ಫ್ಲಾಟುಗಳ ನಿಜವಾದ ಬೆಲೆ ಕಾಣುತ್ತದೆ.

ಮುಗಿದ ಕಟ್ಟಡವಾದರೆ ಓಸಿ (ವಾಸಕ್ಕೆ ಒಪ್ಪಿಗೆ ಕೊಡುವ ಪ್ರಮಾಣಪತ್ರ) ಕೇಳಿ. ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಸಾಲ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಓಸಿ ಇಲ್ಲದ ಫ್ಲಾಟು ಮುಂದೆ ಮಾರುವುದೂ ಕಷ್ಟವೇ.

ಹೆಜ್ಜೆ 7: ಈಗ ಟೋಕನ್, ಕರಾರು

ಟೋಕನ್ ಚಿಕ್ಕದಿರಲಿ. ಬ್ಯಾಂಕಿನ ಮೂಲಕವೇ ಹೋಗಲಿ, ರಸೀದಿಯಲ್ಲಿ ಆಸ್ತಿಯ ವಿವರ ಇರಲಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ಮುಂಗಡ ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಕ್ರಯದ ಕರಾರಿನಲ್ಲಿ ಈ ಸಾಲುಗಳು ಇರಲೇಬೇಕು: ಒಡೆತನದಲ್ಲಿ ದೋಷ ಕಂಡರೆ ಇಷ್ಟು ದಿನದಲ್ಲಿ ಪೂರ್ತಿ ದುಡ್ಡು ವಾಪಸ್, ಬ್ಯಾಂಕು ಆಸ್ತಿಯ ಕಾಗದ ಒಪ್ಪದಿದ್ದರೂ ವಾಪಸ್, ಬಾಡಿಗೆಯವರನ್ನು ಖಾಲಿ ಮಾಡಿಸುವುದು ಯಾರ ಹೊಣೆ, ಕ್ರಯ ಮಾಡಿಕೊಡುವ ಕೊನೆಯ ದಿನ ಯಾವುದು. ನನ್ನ ಚೀಟಿಯಲ್ಲಿ ಮೊದಲನೆಯದು ಇರಲಿಲ್ಲ. ಮಾರುವವರ ಮೇಲೆ ಸಾಲ ಬಾಕಿ ಇದ್ದರೆ ಅವರ ಬ್ಯಾಂಕಿನಿಂದ ಬಾಕಿ ಪತ್ರ ತರಿಸಿ, ಆ ಮೊತ್ತವನ್ನು ನೇರವಾಗಿ ಆ ಸಾಲದ ಖಾತೆಗೇ ಕಟ್ಟಿ.

"ಅರ್ಧ ಬ್ಲ್ಯಾಕ್, ಅರ್ಧ ವೈಟ್" ಅಂತ ಮಾತು ಬರುತ್ತದೆ. ಕಾನೂನಿನ ವಿಷಯ ಬದಿಗಿಟ್ಟರೂ ಲೆಕ್ಕದಲ್ಲೇ ನಷ್ಟ. ಪತ್ರದಲ್ಲಿ ಕಡಿಮೆ ತೋರಿಸಿದರೆ ಸಾಲ ಕಡಿಮೆ. ಮುಂದೆ ನೀವು ಮಾರುವಾಗ ಲಾಭ ಜಾಸ್ತಿ ಕಾಣುತ್ತದೆ, ತೆರಿಗೆಯೂ ಜಾಸ್ತಿ. ವ್ಯವಹಾರ ಮುರಿದರೆ ಆ ನಗದಿಗೆ ಸಾಕ್ಷಿ ಯಾರು?

ಹೆಜ್ಜೆ 8: ನೋಂದಣಿ

ಮುದ್ರಾಂಕ ಶುಲ್ಕ ಲೆಕ್ಕ ಹಾಕುವುದು ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ದರ ಮತ್ತು ನೀವು ಒಪ್ಪಿದ ಬೆಲೆ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. ಮಾರ್ಗಸೂಚಿ ದರ ಕಾವೇರಿ ತಾಣದಲ್ಲೇ ಇದೆ. ಕರಡು ಪತ್ರ ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ದಿನ ತೆಗೆದುಕೊಳ್ಳಬೇಕು. ಹಿಂದಿನ ರಾತ್ರಿ ಕೂತು ಚೆಕ್ಕುಬಂದಿ, ಅಳತೆ, ಹೆಸರಿನ ಅಕ್ಷರ ಒಂದೊಂದೇ ಓದಿ. ಸಣ್ಣ ತಪ್ಪಿಗೂ ಆಮೇಲೆ ತಿದ್ದುಪಡಿ ಪತ್ರ ಮಾಡಿಸಬೇಕು, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು.

ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1 ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವುದು ಕೊಳ್ಳುವವರ ಕೆಲಸ. ನಮ್ಮ ಫ್ಲಾಟಿಗೆ 60,000. ಇದು ಜಾಸ್ತಿ ಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಕಳೆಯುವುದು. ಮಾರುವವರು ಎನ್‌ಆರ್‌ಐ ಆದರೆ ದರ ಬಹಳ ಜಾಸ್ತಿ, 50 ಲಕ್ಷದ ಮಿತಿಯೂ ಇಲ್ಲ. ಆಗ ಆಡಿಟರ್ ಹತ್ತಿರ ಹೋಗದೆ ಒಂದು ರೂಪಾಯಿಯೂ ಕೊಡಬೇಡಿ.

ಸಬ್ ರಿಜಿಸ್ಟ್ರಾರ್ ಪತ್ರವನ್ನು ನೋಂದಾಯಿಸುತ್ತಾರೆ, ಒಡೆತನಕ್ಕೆ ಗ್ಯಾರಂಟಿ ಕೊಡುವುದಿಲ್ಲ. ಮೇಲಿನ ಏಳು ಹೆಜ್ಜೆ ಅದಕ್ಕಾಗಿಯೇ.

ತೆರಿಗೆಯ ಬಗ್ಗೆ ಎರಡು ಮಾತು. ಹೊಸ ತೆರಿಗೆ ಪದ್ಧತಿಯಲ್ಲಿ, ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದು, ಮಿಕ್ಕ ನಷ್ಟವನ್ನು ಸಂಬಳದಲ್ಲಿ ಕಳೆಯಲು ಬರುವುದಿಲ್ಲ. ಎರಡು ವರ್ಷ ದಾಟಿಸಿ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಆಸ್ತಿಗೆ ಮಾತ್ರ, ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಲೆಕ್ಕ ಹಾಕುವ ಹಳೆಯ ಶೇ 20ರ ದಾರಿಯನ್ನು ಆರಿಸಿಕೊಳ್ಳುವ ಅವಕಾಶ ಇದೆ.

ಹೆಜ್ಜೆ 9: ನೋಂದಣಿ ಆದ ಮರುದಿನ

ಖಾತಾ ನಿಮ್ಮ ಹೆಸರಿಗೆ ಬದಲಾಯಿತಾ ನೋಡಿ. ಕರೆಂಟ್ ಮೀಟರ್ ಹೆಸರು ಬದಲಿಸಿ. ಹೊಸ ಇಸಿ ತೆಗೆಸಿ, ನಿಮ್ಮ ಕ್ರಯ ಅದರಲ್ಲಿ ಬಂದಿದೆಯಾ ಅಂತ ಕಣ್ಣಾರೆ ಓದಿ. ಬ್ಯಾಂಕಿಗೆ ಮೂಲ ಪತ್ರ ಕೊಡುವಾಗ ಯಾವ ಯಾವ ಪತ್ರ ಕೊಟ್ಟಿರಿ ಅಂತ ಪಟ್ಟಿ ಮಾಡಿ ಸೀಲು ಹಾಕಿಸಿಕೊಳ್ಳಿ, ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವರು ಪತ್ರ ವಾಪಸ್ ಕೊಡಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೆ ಕಟ್ಟಿಕೊಡಬೇಕು. ಆ ದಿನ ಬಂದಾಗ ಬ್ಯಾಂಕಿನ ಅಡಮಾನ ಇಸಿಯಿಂದಲೂ ತೀರಿಹೋಗುವಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಡುಗಡೆ ಪತ್ರ ಮಾಡಿಸಿಕೊಳ್ಳಿ.

ಖಾಲಿ ಸೈಟು ಆದರೆ ಅದೇ ವಾರ ನಾಲ್ಕು ಮೂಲೆಗೂ ಕಲ್ಲು ನೆಡಿಸಿ, ಬೇಲಿ ಹಾಕಿಸಿ, ಹೆಸರಿನ ಬೋರ್ಡ್ ನಿಲ್ಲಿಸಿ. ಬೋರ್ಡ್ ಜೊತೆ ಒಂದು ಫೋಟೋ ತೆಗೆದಿಡಿ. ಮೂರು ತಿಂಗಳಿಗೊಮ್ಮೆ ಹೋಗಿ ಬನ್ನಿ. ಪಕ್ಕದ ಮನೆಯವರ ಪರಿಚಯ ಮಾಡಿಕೊಂಡು ಫೋನ್ ನಂಬರ್ ಕೊಟ್ಟಿರಿ. ಯಾರೋ ಜಲ್ಲಿ ಸುರಿಯುತ್ತಿದ್ದಾರೆ ಅನ್ನುವ ಸುದ್ದಿ ಮೊದಲು ಬರುವುದು ಅವರಿಂದಲೇ.